ಅನುಯಾಯಿಗಳ ಎಣಿಕೆ

'ಅನುಯಾಯಿ' ಎಂಬ ಶಬ್ದದಲ್ಲಿಯೇ ನಡಿಗೆಯ ಅರ್ಥವು ಅಡಗಿದೆ. ಒಬ್ಬನು ಮುಂದೆ ಹೋಗುತ್ತಾನೆ. ಮತ್ತೊಬ್ಬನು ಅವನ ಹಿಂದೆ ಹೋಗುತ್ತಾನೆ. ಮುಂದಿನವನಿಗೆ ಒಂದು ದಾರಿಯೂ ತಲಪಬೇಕಾದ ಒಂದು ಸ್ಥಾನವೂ ಇಲ್ಲದಿದ್ದಲ್ಲಿ ಹಿಂದಿನವನನ್ನು ಅನುಯಾಯಿಯೆಂದು ಕರೆಯುವುದಕ್ಕೆ ಆಧಾರವೇ ಇರದು. ಟ್ವಿಟರ್, ಇನ್‌ಸ್ಟಾಗ್ರಾಂ ಮೊದಲಾದ ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಈ ಶಬ್ದಕ್ಕೆ, ಅಥವಾ ಇದರ ಇಂಗ್ಲಿಷ್ ರೂಪವಾದ 'ಫಾಲೋಯರ್' ಎಂಬುದಕ್ಕೆ, ಬೇರೊಂದು ಅರ್ಥವುಂಟಾಗಿದೆ. ಒಂದು ಗುಂಡಿಯನ್ನು ಒತ್ತಿದವನೆಲ್ಲ ಅಲ್ಲಿ ಅನುಯಾಯಿ. ಅವನು ಎಲ್ಲಿಗೂ ಹೋಗಬೇಕಾದುದಿಲ್ಲ. ಕುಳಿತಲ್ಲಿಂದ ಏಳಬೇಕಾದುದೂ ಇಲ್ಲ.

ಬಸವನಗುಡಿಯ ಗಾಂಧಿಬಜಾರಿನಲ್ಲಿ ಬೆಳಗಿನ ಹೊತ್ತು ನಡೆದು ನೋಡಿದವರಿಗೆ ಈ ಸಂಗತಿ ಹೊಸದಲ್ಲ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ಕಾದು ನಿಂತ ಜನರ ನಡುವೆ ತರುಣರು ಮೊಬೈಲು ಹಿಡಿದು ಚಿತ್ರ ತೆಗೆಯುತ್ತಿರುತ್ತಾರೆ. ಅವರಲ್ಲೊಬ್ಬನನ್ನು ಏತಕ್ಕೆಂದು ಕೇಳಿದರೆ, ಹತ್ತು ಸಾವಿರ ಫಾಲೋಯರುಗಳಾಗಬೇಕೆನ್ನುವನು. ಆಮೇಲೆ? ಐವತ್ತು ಸಾವಿರ. ಆಮೇಲೆ? ಲಕ್ಷ. 'ಏಕೆ' ಎಂಬ ಪ್ರಶ್ನೆಗೆ ಪ್ರತಿ ಸಲವೂ ಮುಂದಿನ ಸಂಖ್ಯೆಯೇ ಉತ್ತರವಾಗಿ ಬರುತ್ತದೆ. ಆ ಲಕ್ಷ ಜನರು ನಿಜವಾಗಿಯೂ ಎದುರಿಗೆ ಬಂದು ನಿಂತು, 'ಅಯ್ಯಾ, ಈಗ ಎಲ್ಲಿಗೆ ಹೋಗೋಣ?' ಎಂದರೆ ಅವನಲ್ಲಿ ಏನು ಉತ್ತರವಿದ್ದೀತು?

ಇದನ್ನೆಲ್ಲ ಬರಿಯ ಚಾಪಲ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮಲ್ಲೇಶ್ವರದ ಮನೆಯಲ್ಲಿ ಕುಳಿತು ಸೀರೆ ಮಾರುವ ಗೃಹಿಣಿಗೆ ಅನುಯಾಯಿಯೆಂದರೆ ಗಿರಾಕಿ. ಆ ಲೆಕ್ಕದಲ್ಲಿ ಅಸ್ಪಷ್ಟತೆಯೇನೂ ಇಲ್ಲ. ಹಣ ಪಡೆದು ವಸ್ತುಗಳನ್ನು ಹೊಗಳುವವರು ಅದನ್ನು ಜಾಹೀರಾತೆಂದು ತಿಳಿಸಬೇಕೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿ ವಿಧಿಸಿತು. ವ್ಯಾಪಾರವು ವ್ಯಾಪಾರವೆಂದು ಹೇಳಿಕೊಂಡರೆ ಅದರ ಪ್ರಯೋಜನವೂ ಪರಿಮಿತಿಯೂ ತಿಳಿದುಬರುತ್ತವೆ. ತೊಡಕಿರುವುದು ತನ್ನನ್ನು ಬಿಟ್ಟು ಮಾರುವುದಕ್ಕೆ ಬೇರೇನೂ ಇಲ್ಲದವನಿಗೆ.

ಕಲಾವಿದನ ವಿಷಯ ಬೇರೆ. ಕೇಳುವವರಿಲ್ಲದೆ ಹಾಡುವುದು ಕಷ್ಟ. 1939ರಲ್ಲಿ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಲಿಯು ಹುಟ್ಟಿತು. ಅದರ ರಾಮನವಮಿ ಸಂಗೀತೋತ್ಸವಕ್ಕೆ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಸಾವಿರಾರು ಜನರು ನೆರೆದದ್ದುಂಟು. ಆದರೆ ಅಲ್ಲಿಯೂ ವಿದ್ವಾಂಸನ ಕಣ್ಣು ಅರಸುವುದು ಮುಂದಿನ ಸಾಲಿನಲ್ಲಿ ತಾಳ ಹಾಕುತ್ತ ಕುಳಿತ ಒಬ್ಬಿಬ್ಬರನ್ನು. ತಾಳ ತಪ್ಪಿದರೆ ಆ ಮುದುಕನ ಕೈ ನಿಲ್ಲುತ್ತದೆ. ಜಾಲತಾಣದ ಸಂಖ್ಯೆಗೆ ಹಾಗೆ ನಿಲ್ಲುವ ಕೈ ಇಲ್ಲ. ಚಪ್ಪಾಳೆಯವರನ್ನು ಕೂಲಿಗೆ ಕರೆತರುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನ ನಾಟಕಶಾಲೆಗಳಲ್ಲಿಯೇ ಇತ್ತು. ಈಗ ಅನುಯಾಯಿಗಳೇ ಕ್ರಯಕ್ಕೆ ದೊರೆಯುತ್ತಾರೆ. ಡೆವುಮಿ ಎಂಬ ಕಂಪನಿಯು ಇಲ್ಲದ ಮನುಷ್ಯರನ್ನು ಹೀಗೆ ಮಾರುತ್ತಿದ್ದುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2018ರ ಜನವರಿಯಲ್ಲಿ ಬಯಲು ಮಾಡಿತು. ಕೊಂಡವರಿಗೆ ಆ ಜನ ಸುಳ್ಳೆಂಬುದು ತಿಳಿದಿದ್ದರೂ ಸಂಖ್ಯೆ ಬೇಕಾಗಿತ್ತೆಂಬುದೇ ಇಲ್ಲಿ ಯೋಚಿಸತಕ್ಕ ವಿಷಯ.

ನಿಜವಾದ ಅನುಯಾಯಿ ಹೇಗಿರುತ್ತಾನೆಂಬುದಕ್ಕೆ ಬಸವನಗುಡಿಯವರು ದೂರ ಹೋಗಬೇಕಾಗಿಲ್ಲ. ಅಲ್ಲಿ ಡಿ. ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಸಾರ್ವಜನಿಕ ವಿಚಾರ ಸಂಸ್ಥೆಗೆ ಗೋಖಲೆಯವರ ಹೆಸರಿದೆ. ಗೋಪಾಲಕೃಷ್ಣ ಗೋಖಲೆಯವರು ತೀರಿಕೊಂಡು ಆಗ ಮೂವತ್ತು ವರ್ಷಗಳಾಗಿದ್ದವು. ಅವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಸೇರುವುದು ಸುಲಭವಾಗಿರಲಿಲ್ಲ. ಸೇರುವವನು ಬಡತನದ ಜೀವನಕ್ಕೂ ವರ್ಷಗಟ್ಟಲೆಯ ಶಿಕ್ಷಣಕ್ಕೂ ಒಪ್ಪಬೇಕಾಗಿತ್ತು. ಗೋಖಲೆಯವರನ್ನು ರಾಜಕೀಯ ಗುರುವೆಂದು ಕರೆದ ಗಾಂಧಿಯವರು 1915ರಲ್ಲಿ ಅದರ ಸದಸ್ಯರಾಗಲು ಬಯಸಿದರು. ಅಭಿಪ್ರಾಯಭೇದವಿದ್ದುದರಿಂದ ಸಮಾಜದವರು ಹಿಂದೆಮುಂದೆ ನೋಡಿದರು. ಗಾಂಧಿಯವರು ತಮ್ಮ ಕೋರಿಕೆಯನ್ನು ಹಿಂದೆಗೆದುಕೊಂಡರು. ಗಾಂಧಿಯವರ 'ಹಿಂದ್ ಸ್ವರಾಜ್' ಸ್ವತಃ ಗೋಖಲೆಯವರಿಗೇ ಹಿಡಿಸಿರಲಿಲ್ಲ. ಆದರೂ ಒಂದು ವರ್ಷ ದೇಶವನ್ನು ಸುತ್ತಿ ನೋಡಿ, ಅಲ್ಲಿಯವರೆಗೆ ಬಾಯಿ ತೆರೆಯಬೇಡಿರೆಂದು ಗುರು ಹೇಳಿದ ಮಾತನ್ನು ಗಾಂಧಿಯವರು ತಲೆಯಮೇಲೆ ಹೊತ್ತು ನಡೆದರು. ಆ ತಿರುಗಾಟದ ವರ್ಷದಲ್ಲಿಯೇ, ಮೇ ತಿಂಗಳಿನಲ್ಲಿ, ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಿದರು. ಗೋಖಲೆಯವರ ಅನುಯಾಯಿಗಳನ್ನು ಪಟ್ಟಿ ಹಿಡಿದು ಎಣಿಸಿದವನ ಲೆಕ್ಕದಲ್ಲಿ ಗಾಂಧಿ ಇರುತ್ತಿರಲಿಲ್ಲ.

ಗಾಂಧಿಯವರಿಗೇ ಕೋಟಿ ಜನ ಅನುಯಾಯಿಗಳಾದರಲ್ಲ, ಸಂಖ್ಯೆಯಿಲ್ಲದೆ ಅಸಹಕಾರ ನಡೆಯುತ್ತಿತ್ತೆ ಎಂದು ಕೇಳಬಹುದು. ನಡೆಯುತ್ತಿರಲಿಲ್ಲ. ಒಂದು ಕಾರ್ಯಕ್ಕೆ ಜನ ಬೇಕಾದಾಗ ಜನರನ್ನು ಕೂಡಿಸುವುದು ದೋಷವಲ್ಲ. ಕೂಡಿದ ಜನರನ್ನು ಕಾರ್ಯಕ್ಕಾಗಿ ಕಳೆದುಕೊಳ್ಳುವುದಕ್ಕೂ ಸಿದ್ಧನೆ ಎಂಬುದರಿಂದ ಮನುಷ್ಯನ ಉದ್ದೇಶವು ಗೊತ್ತಾಗುತ್ತದೆ. 1922ರ ಫೆಬ್ರವರಿ 4ರಂದು ಚೌರಿ ಚೌರಾದಲ್ಲಿ ಜನರ ಗುಂಪು ಪೊಲೀಸು ಠಾಣೆಗೆ ಬೆಂಕಿಯಿಟ್ಟಿತು. ಇಪ್ಪತ್ತೆರಡು ಮಂದಿ ಪೊಲೀಸರು ಸತ್ತರು. ಚಳವಳಿಯು ಏರುಬಿಸಿಲಿನಲ್ಲಿದ್ದ ಆ ಹೊತ್ತಿನಲ್ಲಿ ಗಾಂಧಿಯವರು ಅದನ್ನು ನಿಲ್ಲಿಸಿಬಿಟ್ಟರು. ಸೆರೆಮನೆಯಲ್ಲಿದ್ದ ಮೋತಿಲಾಲ ನೆಹರೂ ಅವರೂ ಲಾಲಾ ಲಜಪತ ರಾಯರೂ ಖಿನ್ನರಾದರು, ತರುಣರು ಮುನಿದರು, ಮೋತಿಲಾಲರೂ ಚಿತ್ತರಂಜನ ದಾಸರೂ ಮರುವರ್ಷದ ಹೊತ್ತಿಗೆ ಬೇರೆ ಪಕ್ಷವನ್ನೇ ಕಟ್ಟಿದರು. ಇದೆಲ್ಲವೂ ಆದೀತೆಂಬುದನ್ನು ಗಾಂಧಿಯವರು ಅರಿಯದವರಾಗಿರಲಿಲ್ಲ. ಅವರು ಐದು ದಿನ ಉಪವಾಸವಿದ್ದರು. ಮಾರ್ಚಿ 10ರಂದು ಸರ್ಕಾರದವರು ಬಂದು ಕರೆದೊಯ್ದರು.