ಪೊಟರೆಯೊಳಗಿನ ದನಿ

2019ರ ಫೆಬ್ರವರಿ. ಶಿರಾ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ವಿಶೇಷ ತರಗತಿ ತೆಗೆದುಕೊಳ್ಳುತ್ತಿದ್ದೆ. ಅವತ್ತು ಗಾದೆ ವಿಸ್ತರಣೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಬೋರ್ಡಿನ ಮೇಲೆ ಬರೆದು, ನೀವೇ ಬರೀರಿ ನೋಡೋಣ ಎಂದು ಹತ್ತು ನಿಮಿಷ ಸುಮ್ಮನೆ ಕೂತೆ. ಎರಡನೇ ಬೆಂಚಿನ ಹುಡುಗಿಯ ನೋಟ್ಸಿನಲ್ಲಿ ಇದ್ದದ್ದು ಹೀಗೆ: ‘ನಮ್ಮನೇಲಿ ಆಸಿಗೆ ಇಲ್ಲ. ಚಾಪೆ ಒಂದೇ. ಮಲಗೋರು ಐದು ಜನ. ಉದ್ದಕ್ಕೆ ಮಲಗಿದರೆ ಇಬ್ಬರಿಗೆ ಆಗುತ್ತೆ. ಅಡ್ಡಕ್ಕೆ ಮಲಗಿದರೆ ಐದು ಜನಕ್ಕೂ ಆಗುತ್ತೆ, ಕಾಲು ಮಾತ್ರ ನೆಲಕ್ಕೆ ಬರುತ್ತೆ. ಬೇಸಿಗೇಲಿ ಅದೇ ತಂಪು.’

ಓದಿ ನಗು ಬಂತು. ನಕ್ಕೆ ಕೂಡ. ಆಮೇಲೆ ಕೆಂಪು ಪೆನ್ನಿನಲ್ಲಿ ‘ಆಸಿಗೆ’ಗೆ ಸುತ್ತು ಹಾಕಿ, ಇಡೀ ಬರಹಕ್ಕೆ ಅಡ್ಡಗೆರೆ ಎಳೆದೆ. ‘ಹಿಂಗೆಲ್ಲ ಬರೀಬಾರ್ದಮ್ಮ, ಮಾರ್ಕ್ಸ್ ಬರಲ್ಲ. ಬರ್ಕೋ’ ಎಂದು ಇಡೀ ತರಗತಿಗೆ ಬರೆಸಿದೆ. ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆಗಳು ಹಿರಿಯರ ಅನುಭವದ ನುಡಿಮುತ್ತುಗಳು. ಯಾವ ಗಾದೆ ಬಂದರೂ ಈ ಮೂರು ಸಾಲು ಮೊದಲು. ನಡುವೆ ಎರಡು ಸಾಲು ಅರ್ಥ. ಕೊನೆಗೆ ‘ಆದ್ದರಿಂದ ನಾವೆಲ್ಲರೂ’ ಎಂದು ಶುರುವಾಗುವ ಒಂದು ಸಾಲು.

ಯಾಕೆ ಹಾಗೆ ಮಾಡಿದೆ ಎನ್ನುವುದಕ್ಕೆ ನನ್ನಲ್ಲಿ ಉತ್ತರವಿದೆ, ಅದು ಸುಳ್ಳೂ ಅಲ್ಲ. ಪ್ರಥಮ ಭಾಷೆಗೆ 125 ಅಂಕ. ಶಾಲೆಯಲ್ಲೇ ಕೊಡುವ 25 ಕಳೆದರೆ ಪರೀಕ್ಷೆಯಲ್ಲಿ ಬರೆದು ಗಳಿಸಬೇಕಾದ್ದು 100. ಗಣಿತ, ಇಂಗ್ಲಿಷಿನಲ್ಲಿ ತೆವಳುವ ಮಗುವಿನ ಒಟ್ಟು ಅಂಕವನ್ನು ಎತ್ತಿ ನಿಲ್ಲಿಸುವುದು ಕನ್ನಡವೇ. ಆ ಹುಡುಗಿ ಫೇಲಾದರೆ ಮನೆಯವರು ಗಂಡು ನೋಡುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಫಲಿತಾಂಶ ಕುಸಿದರೆ ಕಾರಣ ಕೇಳಿ ನೋಟಿಸು ಬರುತ್ತಿತ್ತು, ಅದೂ ನಿಜ. ಹಾಗಾಗಿ ಪಾಸಿಂಗ್ ಪ್ಯಾಕೇಜ್ ಮಾಡಿದ್ದೆವು: ಪ್ರಶ್ನೆಪತ್ರಿಕೆಯ ನೀಲನಕ್ಷೆ ಮುಂದಿಟ್ಟುಕೊಂಡು, ಕವಿ ಪರಿಚಯ ಇಷ್ಟು, ಸಂದರ್ಭ ಸ್ವಾರಸ್ಯ ಇಷ್ಟು, ಒಂದು ಪತ್ರದ ಚೌಕಟ್ಟು, ಯಾವ ಪ್ರಬಂಧಕ್ಕೂ ಒಗ್ಗುವ ಒಂದು ಉಪಸಂಹಾರ. ಪರಿಸರ ಮಾಲಿನ್ಯಕ್ಕೂ ಅದೇ, ಗ್ರಂಥಾಲಯದ ಮಹತ್ವಕ್ಕೂ ಅದೇ. ಮೌಲ್ಯಮಾಪನಕ್ಕೆ ಹೋದಾಗ ಬೇರೆ ಜಿಲ್ಲೆಯ ಬಂಡಲು ಬಿಚ್ಚಿದರೆ ಅಲ್ಲೂ ಗಾದೆಗಳು ವೇದಗಳಿಗೆ ಸಮಾನವಾಗಿಯೇ ಇದ್ದವು! ಮಾದರಿ ಉತ್ತರದ ಹಾಳೆ ಪಕ್ಕದಲ್ಲಿಟ್ಟುಕೊಂಡು ಅಂಕ ಹಾಕುತ್ತ ಹೋದೆ. ಒಂದು ಪತ್ರಿಕೆಯಲ್ಲೂ ಚಾಪೆ ಕಾಣಲಿಲ್ಲ. ಯಾರದೋ ಊರಿನಲ್ಲಿ ಯಾರೋ ಮೇಷ್ಟ್ರು ಅದನ್ನೂ ಹೊಡೆದುಹಾಕಿರಬೇಕು.

ಬಾಯಿಪಾಠವನ್ನು ನಾನು ಹಳಿಯುವವನಲ್ಲ. ಹೈಸ್ಕೂಲಿನಲ್ಲಿ ಕಲಿತ ಷಟ್ಪದಿಗಳು ಇವತ್ತಿಗೂ ಬಸ್ಸಿನಲ್ಲಿ ಕೂತಾಗ ತಾವಾಗಿಯೇ ನಾಲಿಗೆಗೆ ಬರುತ್ತವೆ. ಆದರೆ ಕಂಠಪಾಠದ ಪದ್ಯ ಕವಿಯದು ಎಂದು ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು. ನಾನು ಬರೆಸಿದ ಗಾದೆ ವಿಸ್ತರಣೆಯ ಮೇಲೆ ಇದ್ದದ್ದು ಆ ಹುಡುಗಿಯ ನೋಂದಣಿ ಸಂಖ್ಯೆ.

ಹತ್ತನೇ ತರಗತಿಗೆ ದುರ್ಗಸಿಂಹನ ಪಂಚತಂತ್ರದಿಂದ ತೆಗೆದ ‘ವೃಕ್ಷಸಾಕ್ಷಿ’ ಎಂಬ ಪಾಠವಿದೆ. ಹೂತಿಟ್ಟ ಹೊನ್ನನ್ನು ತಾನೇ ಕದ್ದ ದುಷ್ಟಬುದ್ಧಿ, ಕದ್ದವನು ಧರ್ಮಬುದ್ಧಿ ಎಂದು ದೂರುತ್ತಾನೆ. ಸಾಕ್ಷಿ ಯಾರು ಎಂದರೆ ಆಲದ ಮರ ಎನ್ನುತ್ತಾನೆ. ಮರದ ಪೊಟರೆಯಲ್ಲಿ ಕೂತು ಸುಳ್ಳು ಸಾಕ್ಷಿ ನುಡಿಯುವವನು ಅವನ ಅಪ್ಪ ಪ್ರೇಮಮತಿ. ಅಪ್ಪ ಕೆಟ್ಟವನಲ್ಲ. ಮೊದಲು ಮಗನಿಗೆ ಬುದ್ಧಿ ಹೇಳುತ್ತಾನೆ, ಆಮೇಲೆ ಹೋಗಿ ಕೂರುತ್ತಾನೆ. ಈ ಪಾಠ ಮಾಡುವಾಗಲೆಲ್ಲ ಬೈಗುಳವನ್ನು ಮಗನಿಗೆ ಮೀಸಲಿಟ್ಟು ಅಪ್ಪನನ್ನು ಎರಡು ವಾಕ್ಯದಲ್ಲಿ ಮುಗಿಸುತ್ತಿದ್ದೆ. ಹೆಸರಿನಲ್ಲೇ ಪ್ರೇಮ ಇಟ್ಟುಕೊಂಡ ಮನುಷ್ಯ ಪೊಟರೆಗೆ ಯಾಕೆ ಇಳಿದ ಎಂದು ಒಂದು ದಿನವೂ ಮಕ್ಕಳನ್ನು ಕೇಳಲಿಲ್ಲ. ಕೇಳುವುದೇನು, ಆ ಪಾಠದ ಸ್ವಾರಸ್ಯವನ್ನೂ ನಾನೇ ಬರೆಸಿದ್ದೆ.

2024ರಲ್ಲಿ ಪರೀಕ್ಷಾ ಮಂಡಳಿ ಹತ್ತನೇ ತರಗತಿಯ ಪರೀಕ್ಷೆ ನಡೆಯುವ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿಸಿತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಗೆ ಕೊಟ್ಟರೂ ಶೇ. 73.40ಕ್ಕೆ ಇಳಿಯಿತು. ಚೀಟಿ ಇಟ್ಟುಕೊಂಡವರನ್ನು ಅದು ಹೆದರಿಸಿತು, ಒಳ್ಳೆಯದೇ. ನನ್ನ ಚೀಟಿ ಮಕ್ಕಳ ತಲೆಯೊಳಗಿತ್ತು. ಅದಕ್ಕೆ ಯಾವ ಕ್ಯಾಮೆರಾದ ಭಯವೂ ಇರಲಿಲ್ಲ, ಬದಲಿಗೆ ನನಗೆ ಶಹಬ್ಬಾಸ್ ಸಿಕ್ಕಿತ್ತು.

ಹುಡುಗಿ ಪಾಸಾದಳು. ಕನ್ನಡದಲ್ಲಿ ನೂರರ ಹತ್ತಿರ ಬಂತು. ಪಿಯುಸಿಯನ್ನೂ ಮುಗಿಸಿದಳು. ಫಲಿತಾಂಶದ ದಿನ ಅವರಪ್ಪ ಮನೆಗೆ ಬಂದು ಒಂದು ಹಲಸಿನ ಹಣ್ಣು ಇಳಿಸಿ ಹೋಗಿದ್ದ. ಪ್ಯಾಕೇಜ್ ಮಾಡಿದ್ದು ತಪ್ಪು ಎಂದು ಯಾರಾದರೂ ಹೇಳಿದರೆ ಆ ಹಲಸಿನ ಹಣ್ಣು ಈಗಲೂ ನನ್ನ ಕಡೆ ನಿಲ್ಲುತ್ತದೆ.

ಹೋದ ವರ್ಷ ನಾಡಕಚೇರಿಯ ಮುಂದೆ ಅವಳೇ ಸಿಕ್ಕಳು. ಅಪ್ಪ ತೀರಿಕೊಂಡಿದ್ದ. ಅಮ್ಮನ ವಿಧವಾ ವೇತನ ನಿಂತುಹೋಗಿತ್ತು. ಜಗಲಿಯ ಮೇಲೆ ಕೂತು ಹೇಳಿದಳು: ದುಡ್ಡು ಯಾವ ತಿಂಗಳಿಂದ ನಿಂತಿತು, ಬ್ಯಾಂಕಿನವನು ಆಧಾರ್ ಸರಿ ಇಲ್ಲ ಅಂದದ್ದು, ಆಧಾರ್‌ನವನು ಬೆರಳಚ್ಚು ಬರ್ತಿಲ್ಲ ಅಂದದ್ದು, ಕಳೆ ಕಿತ್ತೂ ಕಿತ್ತೂ ಅಮ್ಮನ ಬೆರಳ ಗೆರೆಯೇ ಸವೆದುಹೋಗಿರುವುದು. ಕೇಳುತ್ತಿದ್ದರೆ ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಅರ್ಜಿ ಬರಿಯಮ್ಮ ಎಂದೆ. ಹಾಳೆ ತೆಗೆದು ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’ ಎಲ್ಲವನ್ನೂ ಇರಬೇಕಾದ ಜಾಗದಲ್ಲಿ ಬರೆದಳು. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬಲ್ಲಿಗೆ ಪೆನ್ನು ನಿಂತಿತು.

‘ಮುಂದಕ್ಕೆ ಏನ್ ಬರೀಲಿ ಸಾರ್?’

‘ಈಗ ಹೇಳಿದೆಯಲ್ಲ, ಅದನ್ನೇ ಬರಿ.’

ಅವಳು ನಕ್ಕಳು. ‘ಹಂಗೆಲ್ಲ ಬರೀಬಾರ್ದು ಅಂತ ನೀವೇ ಹೇಳಿದ್ರಲ್ಲ ಸಾರ್.’

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕಚೇರಿ ಮುಚ್ಚಲು ಇನ್ನು ಅರ್ಧ ಗಂಟೆ ಇತ್ತು. ನಾನು ಹೇಳುತ್ತ ಹೋದೆ, ಅವಳು ಬರೆದುಕೊಂಡಳು.