ಅವಸರ ಏನಿಲ್ಲ

ಕಳೆದ ವರ್ಷ ಆಫೀಸಿನಲ್ಲಿ ಒಂದು ಪದದ ದೆಸೆಯಿಂದ ನನ್ನ ಅರ್ಧ ದಿನ ಹಾಳಾಯ್ತು. ಹೈದರಾಬಾದ್ ಕಡೆಯ ಸಹೋದ್ಯೋಗಿ ನನ್ನ ಕೋಡ್ ನೋಡಿ, "ಈ ಫಂಕ್ಷನ್ ಅವಸರಂ ಲೇದು" ಅಂದ. ನಾನು ಸರಿ, ನಿಧಾನಕ್ಕೆ ಮಾಡಿದ್ರಾಯ್ತು ಅಂದ್ಕೊಂಡು ಅದನ್ನೇ ತಿದ್ದುತ್ತಾ ಕೂತೆ. ಅವನು ಹೇಳಿದ್ದು ಅದು ಬೇಕಾಗೇ ಇಲ್ಲ, ತೆಗೆದುಬಿಡು ಅಂತ! ಇದನ್ನು ಕೇಳಿ ಪಕ್ಕದಲ್ಲಿದ್ದ ಕೊಟ್ಟಾಯಂ ಹುಡುಗಿ ನಕ್ಕಳು. ಅವಳ ಭಾಷೆಯಲ್ಲಿ ಅವಸರಂ ಅಂದರೆ ಅವಕಾಶ.

ಸಂಸ್ಕೃತದಲ್ಲಿ ಅವಸರ ಅಂದರೆ ತಕ್ಕ ಸಮಯ, ಸಂದರ್ಭ. ಹಿಂದಿ, ಮಲಯಾಳಂ ಅದರ ಹತ್ತಿರವೇ ಉಳಿದಿವೆ. ತೆಲುಗಿನಲ್ಲಿ ಅದು ಅಗತ್ಯ ಆಯ್ತು. ಕನ್ನಡ, ತಮಿಳಿನಲ್ಲಿ ತರಾತುರಿ. ಇಂಥದ್ದು ಎಲ್ಲ ಕಡೆಯೂ ಇದೆ. ಚೆಕ್ ಭಾಷೆಯಲ್ಲಿ 'ಪೊಜೋರ್' ಅಂದರೆ ಎಚ್ಚರಿಕೆ, ಗಮನವಿಡಿ; ರಷ್ಯನ್ನರಿಗೆ ಅದೇ ಪದ ಅವಮಾನ. ಎರಡರ ಬೇರೂ 'ನೋಡು' ಅನ್ನೋದೇ. ನೀವು ನೋಡುವುದು ಎಚ್ಚರ, ನಾಲ್ಕು ಜನ ನಿಮ್ಮನ್ನು ನೋಡುವುದು ಅವಮಾನ.

ಇದನ್ನೆಲ್ಲ ಕಾಫಿ ಹೊತ್ತಿನ ತಮಾಷೆ ಅಂತ ಮರೆತುಬಿಡ್ತಿದ್ದೆ. ಆದರೆ ಅದೇ ವಾರ ಮುತ್ತಿನಕೊಪ್ಪದಿಂದ ಅಪ್ಪಯ್ಯನ ಫೋನ್ ಬಂತು. ಕಣ್ಣಿನ ಪೊರೆ ತೆಗೆಸಬೇಕಂತೆ, ಶಿವಮೊಗ್ಗಕ್ಕೆ ಹೋಗಬೇಕು. "ಅವಸರ ಏನಿಲ್ಲ ಮಾರಾಯ, ನೀನು ಬಿಡುವಾದಾಗ ಬಾ" ಅಂದರು. ನನಗೆ ರಿಲೀಸ್ ಇತ್ತು. ಸರಿ ಅಂದೆ.

ನನ್ನ ಬಿಡುವು ಆಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ನಮ್ಮ ನರಸಿಂಹರಾಜಪುರ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ನೆಲೆಸಿ ರಬ್ಬರ್ ಬೆಳೆದವರು ಬಹಳ. ಅಂಥ ಒಬ್ಬ ಚೇಟ್ಟ ನಮ್ಮ ತೋಟದ ಪಕ್ಕದವರು. ಅವರೇ ಅಪ್ಪಯ್ಯನನ್ನು ಬಸ್ಸಿನಲ್ಲಿ ಕರ್ಕೊಂಡು ಹೋಗಿ, ಹೊರಗೆ ಬೆಂಚಿನ ಮೇಲೆ ಕೂತು, ಆಮೇಲೆ ದಿನಾ ಮನೆಗೆ ಬಂದು ಕಣ್ಣಿಗೆ ಹನಿ ಹಾಕಿದ್ದರು. ನಾನು ಹೋಗಿ ಉಪಕಾರವಾಯ್ತು ಅಂದರೆ ಅವರು, "ನಿಮ್ಮಪ್ಪ ನಮಗೆ ಎಷ್ಟೋ ಮಾಡಿದಾರೆ. ನಂಗೂ ಒಂದು ಅವಸರ ಸಿಕ್ತಲ್ಲ" ಅಂದರು.

ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು. ಆ ಒಂದು ಪದ ಮಾತ್ರ ಅವರ ಅಮ್ಮನ ಭಾಷೆಯದ್ದು.

ಅಪ್ಪಯ್ಯ ಸುಳ್ಳು ಹೇಳಿರಲಿಲ್ಲ. ಕನ್ನಡದ ಅವಸರ ನಿಜವಾಗಿ ಇರಲಿಲ್ಲ. ಪೊರೆ ಒಂದು ತಿಂಗಳು ತಡೆಯುತ್ತಿತ್ತೋ ಏನೋ. ತೆಲುಗಿನ ಅವಸರ ಇತ್ತು. ಮಲಯಾಳಂನ ಅವಸರ ನನ್ನ ಕೈತಪ್ಪಿ ಚೇಟ್ಟನಿಗೆ ಸಿಕ್ಕಿತು.

ಬೇಕಿದ್ದರೆ ಬಾಯಿಬಿಟ್ಟು ಕೇಳಬಾರದಿತ್ತಾ ಅಂತ ನೀವು ಕೇಳಬಹುದು. ನಾನೂ ಹಾಗೇ ವಾದ ಮಾಡಿಕೊಂಡೆ. ಒಬ್ಬರ ಮಾತನ್ನು ಇದ್ದಹಾಗೇ ನಂಬುವುದು ಗೌರವವೇ ಹೌದು. ಆದರೆ "ಊಟ ಆಯ್ತು" ಅಂದವರಿಗೂ ಎಲೆ ಹಾಕುವ ಊರಿನಲ್ಲಿ ಬೆಳೆದವನು ನಾನು. ಅಲ್ಲಿನ 'ಏನಿಲ್ಲ' ಎಂಬುದರ ಒಳಗೆ ಏನಿರುತ್ತೆ ಅಂತ ನನಗೆ ಗೊತ್ತಿಲ್ಲದೆ ಇರಲಿಲ್ಲ. ಅವತ್ತು ಅಪ್ಪಯ್ಯನ ಮಾತನ್ನು ಅಕ್ಷರಶಃ ನಂಬಿದ್ದು ನನಗೆ ಅದು ಅನುಕೂಲ ಇತ್ತು ಅಂತ. ಬೇರೆಯವರ ಸಂಕೋಚವನ್ನು ನಮ್ಮ ರಜೆ ಚೀಟಿಯ ಹಾಗೆ ಬಳಸಿಕೊಳ್ಳುವುದು ತಪ್ಪು ಅಂತ ನನಗೀಗ ಅನ್ನಿಸುತ್ತೆ.

ನಮ್ಮ ಕೆಲಸವೂ ಈ ಚಾಳಿ ಕಲಿಸಿದೆ. ಕೂಗುವ ಟಿಕೆಟ್‌ಗೆ ಪಿ-ಒನ್, ಸುಮ್ಮನಿರುವುದಕ್ಕೆ ಬ್ಯಾಕ್‌ಲಾಗ್. ತರಾತುರಿ ಕಣ್ಣಿಗೆ ಕಾಣುತ್ತೆ, ಅಗತ್ಯ ಕಾಣಲ್ಲ. ಅದನ್ನು ಹೋಗಿ ಕೇಳಬೇಕು.

ಸ್ಪ್ಯಾನಿಷ್‌ನಲ್ಲಿ 'ಎಸ್ಪೆರಾರ್' ಅಂದರೆ ಕಾಯುವುದೂ ಹೌದು, ಆಸೆ ಇಟ್ಟುಕೊಳ್ಳುವುದೂ ಹೌದು. ಅದರ ಲ್ಯಾಟಿನ್ ಮೂಲದಲ್ಲಿ ಇದ್ದದ್ದು ಆಸೆ. ಬಿಡುವಾದಾಗ ಬಾ ಅಂದ ಅಪ್ಪಯ್ಯ ಕಾದದ್ದು ಹಾಗೆ. ನಮ್ಮ 'ಕಾಯು'ವಿಗೂ ಎರಡು ಅರ್ಥ: ಬಸ್ಸಿಗೆ ಕಾಯುತ್ತೇವೆ, ತೋಟವನ್ನೂ ಕಾಯುತ್ತೇವೆ. ಆಸ್ಪತ್ರೆಯ ಬೆಂಚಿನ ಮೇಲೆ ಚೇಟ್ಟ ಎರಡೂ ಅರ್ಥದಲ್ಲಿ ಕಾದರು.

ಈಗ ಊರಿಂದ ಫೋನ್ ಬಂದರೆ ಅವಸರ ಇದೆಯಾ ಅಂತ ನಾನು ಕೇಳಲ್ಲ. ಯಾವತ್ತು ಹೋಗೋಣ ಅಂತ ಕೇಳ್ತೀನಿ.