ಹಿಂದಿನ ಮಗ್ಗಲು

ಕಸೂತಿಯ ಯೋಗ್ಯತೆ ತಿಳಿಯಬೇಕಾದರೆ ಬಟ್ಟೆಯನ್ನು ತಿರುವಿ ನೋಡಬೇಕು ಎನ್ನುತ್ತಾರೆ ನಮ್ಮ ಧಾರವಾಡದ ಕಡೆಯ ಹಿರಿಯ ಹೆಂಗಸರು. ಅದರಲ್ಲಿ ಗಂಟು ಹಾಕುವಂತಿಲ್ಲ. ಮೊದಲೇ ಚಿತ್ರ ಬರೆದುಕೊಳ್ಳುವ ರೂಢಿಯೂ ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ತುಳಸಿಕಟ್ಟೆ, ನವಿಲುಗಳನ್ನು ಮೂಡಿಸಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಪೈಕಿ ಮೊದಲಿನ ಎರಡರಲ್ಲಿ ದಾರ ಹೋಗುವಾಗ ಜಾಗ ಬಿಟ್ಟು ಹೋಗುತ್ತದೆ, ಬರುವಾಗ ಅದನ್ನು ತುಂಬುತ್ತ ಬರುತ್ತದೆ. ಹೀಗಾಗಿ ಹಿಂದೂ ಮುಂದೂ ಒಂದೇ.

ನನ್ನ ಅಣ್ಣನ ಮಗಳು ಈ ಕಸೂತಿಯನ್ನು ಆನ್‌ಲೈನಿನಲ್ಲಿ ಮಾರತೊಡಗಿದ್ದಾಳೆ. ಅಂಗಡಿಯಿಲ್ಲ, ಬಾಡಿಗೆಯಿಲ್ಲ, ಮೊಬೈಲೇ ಮಳಿಗೆ. ಓಣಿಯ ಮೂವರು ಹೆಣ್ಣುಮಕ್ಕಳು ಕಸೂತಿ ಹಾಕಿಕೊಡುತ್ತಾರೆ. ಕಾನೂನೂ ಇಂಥವರಿಗೆ ತುಸು ಸಡಿಲವಾಗಿದೆ: ಆನ್‌ಲೈನ್ ಮಳಿಗೆಗಳ ಮೂಲಕ ರಾಜ್ಯದೊಳಗೇ ಸರಕು ಮಾರುವ ಸಣ್ಣ ವ್ಯಾಪಾರಿಗಳಿಗೆ, ವಹಿವಾಟು ಮಿತಿಯೊಳಗಿದ್ದರೆ, 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ.

ಆದರೆ ಫೋಟೋಕ್ಕೆ ಒಂದೇ ಮಗ್ಗಲು. ಅವಳ ಸೆರಗಿನ ಪಕ್ಕದಲ್ಲೇ ಯಂತ್ರದ ಹೊಲಿಗೆಯ ಸೆರಗೂ 'ಕಸೂತಿ' ಎಂಬ ಹೆಸರಿನಲ್ಲೇ ಕೂತಿರುತ್ತದೆ. ಬೆಲೆ ತೀರ ಕಡಿಮೆ. ಅಂಗೈಯಗಲದ ಪರದೆಯ ಮೇಲೆ ಎರಡೂ ಒಂದೇ. "ಹಿಂದಿನ ಮಗ್ಗಲದ್ದೂ ಫೋಟೋ ಹಾಕು" ಎಂದೆ. ಹಾಕಿದಳು. ನಾಲ್ಕು ಮಂದಿ ಮೆಚ್ಚಿ ಬರೆದರು. ಉಳಿದವರು 'ಇನ್ನಷ್ಟು ಕಡಿಮೆ ಮಾಡಿ' ಎಂದು ಬರೆದರು.

ವ್ಯಾಪಾರಕ್ಕೂ ಒಂದು ಹಿಂದಿನ ಮಗ್ಗಲಿದೆ ಎಂದು ನನಗೆ ಹೊಳೆದದ್ದು ಅವಳ ಲೆಕ್ಕದ ವಹಿ ನೋಡಿದಾಗ. ಗಿರಾಕಿ ಒಪ್ಪುವ ಬೆಲೆ ಮೊದಲು. ಅದರಲ್ಲಿ ಬಟ್ಟೆ, ದಾರ, ಕೊರಿಯರ್, ಮಳಿಗೆಯವರ ಕಮಿಷನ್, ವಾಪಸಾದ ಮಾಲಿನ ನಷ್ಟ, ತನ್ನ ಲಾಭ ಇಷ್ಟನ್ನೂ ಕಳೆದು ಉಳಿದದ್ದು ಕಸೂತಿ ಹಾಕಿದವರ ಕೂಲಿ. ಬಟ್ಟೆಯವನು ಇಳಿಸುವುದಿಲ್ಲ, ಕೊರಿಯರಿನವನು ಇಳಿಸುವುದಿಲ್ಲ. ಇಳಿಯಬಲ್ಲದ್ದು ಆ ಮೂವರ ಕೂಲಿ ಮಾತ್ರ.

"ಕಾಕಾ, ಅವರು ಬಿಡುವಾದಾಗ ಮಾಡ್ತಾರ. ಬೆಲೆ ಏರಿಸಿದರ ಇದ್ದ ಕೆಲಸಾನೂ ಹೋಗ್ತದ" ಎಂದಳು. ತಳ್ಳಿಹಾಕುವ ಮಾತಲ್ಲ. ಮಾರದ ಸೆರಗಿನಿಂದ ಯಾರ ಹೊಟ್ಟೆಯೂ ತುಂಬದು. ಆದರೆ ಬಿಡುವಿನ ವೇಳೆ ಎಂದರೆ ಬೆಲೆಯಿಲ್ಲದ ವೇಳೆಯೆ? ಮನೆಗೆಲಸ ಮುಗಿಸಿ ಕಿಟಕಿಯ ಬೆಳಕಿನಲ್ಲಿ ಎಳೆ ಎಣಿಸುವ ಕಣ್ಣು, ಬಿಡುವಿನಲ್ಲಿ ಎಣಿಸಿತೆಂದು ಕಡಿಮೆ ಸವೆಯುವುದಿಲ್ಲ. 'ಕೈಯಿಂದ ಮಾಡಿದ್ದು' ಎಂಬ ಮಾತಿಗಾಗಿಯೇ ಗಿರಾಕಿ ಹೆಚ್ಚು ಹಣ ಕೊಡುತ್ತಾನೆ. ಹಾಗಿರುವಾಗ ಆ ಕೈಗೇ ಕೊನೆಯ ಪಾಲು ಎನ್ನುವುದು ಯಾವ ನ್ಯಾಯ?

ಲೆಕ್ಕವನ್ನೇ ತಿರುವಬೇಕು ಎನ್ನಿಸುತ್ತದೆ. ಎಷ್ಟು ತಾಸಿನ ಕೆಲಸ ಎಂದು ಮೊದಲು ಬರೆದು, ಕೂಲಿ ಕಟ್ಟಿ, ಆಮೇಲೆ ಉಳಿದ ಖರ್ಚು ಕೂಡಿಸಿ ಬೆಲೆ ಹೇಳಬೇಕು. ದೊಡ್ಡ ಸೆರಗು ತುಟ್ಟಿಯಾದರೆ ಒಂದೇ ನವಿಲಿನ ಚಿಕ್ಕ ಚೀಲ ಮಾರಬಹುದು. ಕೆಲಸ ಕಿರಿದಾಗಲಿ, ತಾಸಿನ ಕೂಲಿ ಕಿರಿದಾಗುವುದು ಬೇಡ. ಅಷ್ಟಕ್ಕೇ ಕೆಲವು ಗಿರಾಕಿಗಳು ಹೋದರೆ ಹೋಗಲಿ ಎನ್ನುವುದು ನನಗೆ ಸುಲಭ, ಬಂಡವಾಳ ಅವಳದು. ಆದ್ದರಿಂದ ಉಪದೇಶ ಮಾಡಲಾರೆ.

ಸದ್ಯ ಚೀಲಗಳಿಗೆ ಮಾತ್ರ ಅವಳು ಈ ಲೆಕ್ಕ ಹಚ್ಚಿದ್ದಾಳೆ. ಮಾರಾಟ ನಿಧಾನ. ಆದರೆ ಆ ಚೀಲಗಳ ಲೆಕ್ಕದ ಹಾಳೆಯನ್ನು ಮೂವರ ಮುಂದೆ ಬಿಡಿಸಿಡಲು ಅವಳಿಗೆ ಅಳುಕಿಲ್ಲ.